ಎದ್ದು ಹೋಗಲು ಜಾಗವಿಲ್ಲದ ದೋಣಿ

ಹಾಯಿದೋಣಿಯಲ್ಲಿ ಕೂರುವುದಕ್ಕೆ ಇರುವುದು ಒಂದೇ ನಿಯಮ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಯ ಅಂಚಿಗೆ ಎಲ್ಲರೂ ಹೋಗಿ ಕೂರಬೇಕು. ಗಾಳಿ ದೋಣಿಯನ್ನು ಆಚೆಗೆ ವಾಲಿಸುತ್ತದೆ, ಕೂತವರ ಭಾರ ಈಚೆಗೆ ಎಳೆದು ಹಿಡಿಯುತ್ತದೆ, ಅಷ್ಟೇ. ಹನೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿರುವ ಆಶಾರಾಣಿ ಇದನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಐದು ನಿಮಿಷದಲ್ಲಿ ತಿಳಿಸಿಕೊಟ್ಟವಳು. ಆದರೆ ತನ್ನ ಅಪ್ಪ ಶಿವನಂಜಯ್ಯನಿಗೂ ಸೋದರಮಾವ ಶಾಂತಮೂರ್ತಿಗೂ ಬೆಳಗಿನಿಂದ ಹೇಳಿ ಹೇಳಿ ಅವಳ ಗಂಟಲಿನ ಪಸೆ ಆರಿಹೋಗಿತ್ತು. ಒಬ್ಬ ಬಲಕ್ಕೆ ಕೂತರೆ ಇನ್ನೊಬ್ಬ ಎಡಕ್ಕೇ ಕೂರಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆ ಕಟ್ಟಿದ ಪುಣ್ಯಾತ್ಮ ಇವರಿಬ್ಬರನ್ನು ನೋಡಿಯೇ ಕಟ್ಟಿರಬೇಕು ಅಂತ ಅವಳಿಗೆ ಅನ್ನಿಸಿತು.

ಇವರ ಜಗಳದ ಮೂಲ ಕೇಳಿದರೆ ನಗು ಬರುತ್ತದೆ. ನಕ್ಕರೆ ಮಾತ್ರ ಇಬ್ಬರೂ ಒಟ್ಟಿಗೆ ಹೊಡೆಯಲು ಬರುತ್ತಾರೆ, ಆ ಒಂದು ವಿಷಯದಲ್ಲಿ ಒಗ್ಗಟ್ಟು. ನಾಲ್ಕು ವರ್ಷದ ಹಿಂದೆ ಶಾಂತಮೂರ್ತಿ ಬಂಡಳ್ಳಿಯಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡ. ಸತ್ತೇಗಾಲದಿಂದ ಅಕ್ಕ ಮಹಾಲಕ್ಷ್ಮಮ್ಮ ಹಿಂದಿನ ದಿನವೇ ಹೋಗಿ ಅಡುಗೆಮನೆ ಹೊಕ್ಕಿದ್ದಳು. ಭಾವ ಶಿವನಂಜಯ್ಯ ಬೆಳಿಗ್ಗೆ ಬಿಳಿ ಪಂಚೆ ಉಟ್ಟುಕೊಂಡು ಹೋದ. ಆಶಾರಾಣಿ ಆಗ ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು, ಹಾಗಾಗಿ ನಡೆದದ್ದನ್ನು ಕಣ್ಣಾರೆ ಕಂಡಿಲ್ಲ, ಕಿವಿಯಾರೆ ಕೇಳಿದ್ದು ಮಾತ್ರ ಸಾವಿರ ಸಲ.

ಈ ಕಡೆಯ ಊರುಗಳಲ್ಲಿ ಪಂಕ್ತಿಗೆ ಎಲೆ ಹಾಕಿದ ಮೇಲೆ ಮನೆಯ ಯಜಮಾನ ಬಂದು, ಬೀಗರನ್ನೂ ಭಾವಂದಿರನ್ನೂ ಒಬ್ಬೊಬ್ಬರನ್ನಾಗಿ ಎಬ್ಬಿಸಬೇಕು. ಎದುರು ನಿಂತು, ಕೈಮುಗಿದು, ‘ಊಟಕ್ಕೆ ಏಳಿ’ ಅನ್ನಬೇಕು. ಹಾಗೆ ಎಬ್ಬಿಸದೆ ಮರ್ಯಾದೆಯಿರುವ ಗಂಡಸು ತಾನಾಗಿ ಎದ್ದು ಹೋಗಿ ಎಲೆ ಮುಂದೆ ಕೂರುವುದಿಲ್ಲ, ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಸರಿ. ಅವತ್ತು ಶಿವನಂಜಯ್ಯ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದ. ಮೊದಲ ಪಂಕ್ತಿ ಎದ್ದಿತು, ಎರಡನೆಯದು ಎದ್ದಿತು, ಐದನೆಯದೂ ಎದ್ದಿತು. ಯಾರೂ ಅವನನ್ನು ಎಬ್ಬಿಸಲಿಲ್ಲ. ನಾಲ್ಕು ಗಂಟೆಗೆ ಅಡುಗೆಯವರು ಪಾತ್ರೆ ತೊಳೆಯುವುದನ್ನು ನೋಡಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು ಬಸ್‌ಸ್ಟಾಪಿಗೆ ನಡೆದುಬಿಟ್ಟ. ಶಾಂತಮೂರ್ತಿಯ ವರದಿಯೇ ಬೇರೆ. ನಾನು ಎರಡು ಸಲ ಎಬ್ಬಿಸಲು ಹೋದಾಗಲೂ ಕುರ್ಚಿ ಖಾಲಿಯಿತ್ತು, ಭಾವ ಮೊದಲ ಪಂಕ್ತಿಯಲ್ಲೇ ಉಂಡು ಎಲೆಅಡಿಕೆಗೆ ಹೋಗಿರಬೇಕು ಅಂದುಕೊಂಡೆ, ಅಲ್ಲದೆ ಅಕ್ಕನ ಗಂಡ ಅಂದರೆ ಮನೆಯವನೇ, ಮನೆಯವನನ್ನು ಎಬ್ಬಿಸುವುದೇನು ಅಂತ ಅವನ ವಾದ. ಕುರ್ಚಿಯಿಂದ ಎದ್ದದ್ದು ಒಂದೇ ಸಲ, ಅದೂ ಬೇಲಿ ಮರೆಗೆ ಹೋಗಲು ಅಂತ ಶಿವನಂಜಯ್ಯನ ವಾದ.

ಅಲ್ಲಿಗೆ ಮಾತು ನಿಂತಿತು. ಮಹಾಲಕ್ಷ್ಮಮ್ಮ ತವರಿನ ದಾರಿ ಮರೆತಳು. ಗಂಡ ಬೇಡ ಅಂದಿರಲಿಲ್ಲ, ಅವಳೇ ಹೋಗಲಿಲ್ಲ. ಗೌರಿಹಬ್ಬಕ್ಕೆ ಮಾತ್ರ ತಮ್ಮ ಬೆಳಗಿನ ಬಸ್ಸಿಗೆ ಬಂದು, ಬಾಗಿನದ ಮೊರ ಜಗುಲಿಯ ಮೇಲಿಟ್ಟು, ಒಂದು ಲೋಟ ನೀರೂ ಕುಡಿಯದೆ ಅದೇ ಬಸ್ಸು ಹಿಂತಿರುಗುವುದರೊಳಗೆ ಹೊರಟುಹೋಗುತ್ತಿದ್ದ. ಅವಳು ಮೊರ ಒಳಗೆ ತೆಗೆದಿಟ್ಟುಕೊಂಡು ಮೂಗು ಒರೆಸಿಕೊಂಡು ದೋಸೆ ಹುಯ್ಯಲು ಹೋಗುತ್ತಿದ್ದಳು.

ಇಷ್ಟು ದಿನ ಇದು ದೊಡ್ಡವರ ಹುಚ್ಚು ಅಂತ ಆಶಾರಾಣಿ ಕೈತೊಳೆದುಕೊಂಡಿದ್ದಳು. ಈಗ ಅದು ಅವಳ ಬುಡಕ್ಕೇ ಬಂದಿತ್ತು. ಬರುವ ಬುಧವಾರ ಅವಳಿಗೂ ಕೊಳ್ಳೇಗಾಲದ ಗುರುಪ್ರಕಾಶನಿಗೂ ವೀಳ್ಯದ ಶಾಸ್ತ್ರ. ತಾಂಬೂಲದ ತಟ್ಟೆಯನ್ನು ಮೊದಲು ಹುಡುಗಿಯ ಸೋದರಮಾವ ಮುಟ್ಟಿ ‘ಕೂಸನ್ನ ಕೊಟ್ಟೆ’ ಅನ್ನಬೇಕು, ಆಮೇಲೆ ಗಂಡಿನವರು ಕೈಗೆ ತೆಗೆದುಕೊಳ್ಳಬೇಕು. ಸೋದರಮಾವ ಮುಟ್ಟದ ತಟ್ಟೆ ನಮ್ಮ ಹೊಸ್ತಿಲು ದಾಟುವುದಿಲ್ಲ ಅಂತ ಗುರುಪ್ರಕಾಶನ ಅಜ್ಜಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಕಳಿಸಿದ್ದಳು. ನನ್ನ ಎಬ್ಬಿಸದವನನ್ನ ನಾನು ಹೋಗಿ ಕರೆಯಬೇಕಾ ಅಂದ ಶಿವನಂಜಯ್ಯ. ಭಾವ ಬಾಯ್ಬಿಟ್ಟು ಕರೆಯದೆ ನಾನು ಬಂದರೆ ಅನ್ನಕ್ಕೆ ಗತಿಯಿಲ್ಲದೆ ಬಂದೆ ಅಂತಾರೆ ಅಂದ ಶಾಂತಮೂರ್ತಿ. ಇದೆಲ್ಲ ಯಾಕೆ, ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ ನಡಿ ಅಂತ ಗುರುಪ್ರಕಾಶ ಹೇಳಿದ. ಹೋಗಬಹುದಿತ್ತು. ಆದರೆ ಆಶಾರಾಣಿಗೆ ಗುರುಪ್ರಕಾಶನೂ ಬೇಕಿತ್ತು, ಮದುವೆಯ ದಿನ ಅಮ್ಮನ ಪಕ್ಕದಲ್ಲಿ ಅಮ್ಮನ ತಮ್ಮನೂ ನಿಂತಿರಬೇಕಿತ್ತು. ಎರಡರಲ್ಲಿ ಒಂದನ್ನು ಬಿಡಲು ಅವಳು ತಯಾರಿರಲಿಲ್ಲ.

ರಾಜಿ ಮಾಡಿಸಲು ಮೂರು ಸಲ ನೋಡಿದ್ದಾಯಿತು. ಕೊಳ್ಳೇಗಾಲದ ಹೋಟೆಲಿನಲ್ಲಿ ಒಮ್ಮೆ, ನೆಂಟರ ಮನೆಯಲ್ಲಿ ಒಮ್ಮೆ, ಅವಳ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ. ಮಾತು ಆ ಹಾಳು ಊಟದ ಹತ್ತಿರ ಬಂತೋ, ಇಬ್ಬರಲ್ಲೊಬ್ಬ ಎದ್ದು ಹೋಗುತ್ತಿದ್ದ. ಮೂರನೆಯ ಸಲ ಮಾವನ ಬೆನ್ನು ನೋಡುತ್ತ ಕೂತಿದ್ದಾಗ ಅವಳಿಗೆ ಹೊಳೆಯಿತು. ಎದ್ದು ಹೋಗಲು ಜಾಗವೇ ಇಲ್ಲದ ಕಡೆ ಕೂರಿಸಬೇಕು.

ಅಂಥ ಜಾಗ ಅವಳ ಬಳಿ ಇತ್ತು. ಕಾಲೇಜಿನಲ್ಲಿ ಎನ್‌ಸಿಸಿ ನೌಕಾದಳದಲ್ಲಿದ್ದಾಗ ಅವಳು ಓಡಿಸಿ ಕಲಿತ ಪುಟ್ಟ ಹಾಯಿದೋಣಿಯನ್ನು ಗುಜರಿಗೆ ಹಾಕಿದಾಗ ಬಿಡದೆ ತಂದಿಟ್ಟುಕೊಂಡಿದ್ದಳು. ಟ್ರ್ಯಾಕ್ಟರ್ ಟ್ರೈಲರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪ್ ಇಟ್ಟಿದ್ದ ಗುರುಪ್ರಕಾಶ ಅದರ ಬಿರುಕಿಗೆಲ್ಲ ಫೈಬರ್ ಮೆತ್ತಿ, ಹಳದಿ ಬಣ್ಣ ಬಳಿದು, ಕೈ ಸುಮ್ಮನಿರದೆ ಹಿಂಭಾಗಕ್ಕೆ ಎರಡು ತಾವರೆ ಹೂವನ್ನೂ ಬರೆದಿದ್ದ. ಫಾರೆಸ್ಟಿನವರಿಂದ ಒಂದು ದಿನದ ಪರವಾನಗಿ ಬರೆಸಿಕೊಂಡು, ಶನಿವಾರವೇ ದೋಣಿಯನ್ನು ಟ್ರೈಲರಿನಲ್ಲಿ ಗೋಪಿನಾಥಂ ಆಚೆಯ ಹಿನ್ನೀರಿಗೆ ಸಾಗಿಸಿದ್ದರು. ದಡದ ಗುಂಟ ಹೋಗಿ, ಬಂಡೆಮೂಲೆ ಸುತ್ತಿ, ಸಂಜೆ ಒಳಗೆ ವಾಪಸ್ಸು. ಒಂದು ದಿನದ ಸವಾರಿ. ಅಪ್ಪನಿಗೆ ಮಾವ ಬರುವ ಸುದ್ದಿ ಹೇಳಲಿಲ್ಲ, ಮಾವನಿಗೆ ಅಪ್ಪ ಬರುವ ಸುದ್ದಿ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮ ಅವಳ ಜೊತೆ ಮೊದಲೇ ಬಂದು ನೀರಿನ ಹತ್ತಿರ ನಿಂತಿದ್ದರು. ಶಾಂತಮೂರ್ತಿ ಒಂಬತ್ತರ ಬಸ್ಸಿಗೆ ಬಂದಿಳಿದ. ಭಾವನನ್ನು ಕಂಡವನೇ ಹಿಂದೆ ತಿರುಗಿ ಬಸ್ಸಿನ ಕಡೆ ನೋಡಿದ, ಬಸ್ಸು ಹೊರಟುಹೋಗಿತ್ತು. ಮತ್ತೆ ಬಸ್ಸಿರುವುದು ನಾಲ್ಕು ಗಂಟೆಗೆ. ಸರಿ, ಅಲ್ಲೇ ಹುಣಸೆಮರದ ಬುಡದಲ್ಲಿ ಸಂಜೆವರೆಗೂ ಬೆನ್ನು ತಿರುಗಿಸಿಕೊಂಡು ಕೂರುತ್ತೇನೆ ಅಂತ ಟವೆಲು ಹಾಸಿದ. ಆಗ ಶಿವನಂಜಯ್ಯ, ಯಾರಿಗೂ ಅಲ್ಲದ ಹಾಗೆ, ನೀರು ಕಂಡರೆ ಕೆಲವರಿಗೆ ಹೊಟ್ಟೆ ಕಲಸುತ್ತದೆ ಪಾಪ, ಬಂಡಳ್ಳಿಯಲ್ಲಿ ಕೆರೆ ತುಂಬಿದ್ದು ಯಾರು ಕಂಡಿದ್ದಾರೆ ಅಂದ. ಅಷ್ಟು ಸಾಕಾಯಿತು. ಶಾಂತಮೂರ್ತಿ ಮೊಣಕಾಲುದ್ದ ನೀರಿಗಿಳಿದು, ಯಾರೂ ಹೇಳುವ ಮೊದಲೇ ದೋಣಿ ಹತ್ತಿ ಕೂತ.

ದಡದಲ್ಲಿ ಬಲೆ ಒಣಗಿಸುತ್ತಿದ್ದ ಮೀನುಗಾರ್ತಿ ಗೋವಿಂದಮ್ಮ ಹಾಯಿ ಏರಿದ್ದನ್ನು ನೋಡಿ ನಕ್ಕಳು. “ಏನಮ್ಮ ಇದು, ಪರಿಸಲಿಗೆ ಸೀರೆ ಕಟ್ದಂಗದೆ,” ಅಂದಳು. ಅಲ್ಲಿನವರು ಬುಟ್ಟಿಯಾಕಾರದ ತೆಪ್ಪಕ್ಕೆ ಪರಿಸಲು ಅನ್ನುತ್ತಾರೆ. ಆಚೆ ಮರಳುದಿಬ್ಬದ ಮೇಲೆ ಮೊಸಳೆಗಳು ಬಿಸಿಲು ಕಾಯಿಸಿಕೊಳ್ಳುತ್ತವೆ, ಆ ಕಡೆ ಹೋಗಬೇಡಿ ಅಂತಲೂ ಹೇಳಿದಳು. ಮಹಾಲಕ್ಷ್ಮಮ್ಮ, ನಾನು ಗೋವಿಂದಮ್ಮನ ಜೊತೆ ದಡದಲ್ಲೇ ಇರುತ್ತೇನೆ ಅಂದಳು. ಊಟದ ಬ್ಯಾಗನ್ನು ಗಂಡನಿಗೂ ಕೊಡಲಿಲ್ಲ, ಮಗಳಿಗೂ ಕೊಡಲಿಲ್ಲ. ನೀರಿಗಿಳಿದು ಹೋಗಿ ತಮ್ಮನ ತೊಡೆಯ ಮೇಲೆ ಇಟ್ಟಳು.

“ನೀನೇ ಬಡ್ಸು,” ಅಂದಳು.

ದೋಣಿ ಹೊರಟಿತು. ಕಾರ್ತಿಕದ ಗಾಳಿ ನೀರಿನ ಕಡೆಯಿಂದ ದಡದ ಕಡೆಗೆ ಹದವಾಗಿ ಬೀಸುತ್ತಿತ್ತು. ಇಬ್ಬರೂ ನೀರಿನ ಕಡೆಯ ಅಂಚಿಗೆ ಕೂತುಕೊಳ್ಳಿ, ಯಾವ ಕಾರಣಕ್ಕೂ ಎದ್ದು ನಿಲ್ಲಬೇಡಿ ಅಂತ ಆಶಾರಾಣಿ ಚುಕ್ಕಾಣಿ ಹಿಡಿದುಕೊಂಡು ಹೇಳಿದಳು. ಶಿವನಂಜಯ್ಯ ಅಲ್ಲಿ ಕೂತ. ಶಾಂತಮೂರ್ತಿ ನೇರ ಎದುರು ಅಂಚಿಗೆ ಹೋಗಿ ಕೂತ. ದೋಣಿ ಅವನ ಕಡೆಗೆ ವಾಲಿತು. ಈ ಕಡೆ ಬಾ ಮಾವ ಅಂದಳು. ಅವನು ಕಿವಿ ಕೇಳಿಸದವನ ಹಾಗೆ ಮುಳುಗಿದ ಹುಣಸೆಮರಗಳ ನೀರಿನ ಮೇಲಿನ ತಲೆಗಳನ್ನು ಎಣಿಸತೊಡಗಿದ.

ಅವನನ್ನಾದರೂ ಬಿಡಿ, ನೀರು ಕಾಣದವನು. ಶಿವನಂಜಯ್ಯ ಕಾವೇರಿ ದಂಡೆಯ ಸತ್ತೇಗಾಲದವನು, ಹುಟ್ಟಿದಾಗಿನಿಂದ ತೆಪ್ಪ ಹತ್ತಿದವನು. ಅವನಿಗೆ ತಿಳಿವಳಿಕೆ ಜಾಸ್ತಿಯಾಗಿ ಪೀಕಲಾಟ. ತೆಪ್ಪದಲ್ಲಿ ಎದುರುಬದುರು ಕೂತರೇ ಸಮ, ಇದು ಯಾವ ಸೀಮೆಯ ದೋಣಿ, ಎಲ್ಲ ಒಂದೇ ಕಡೆ ಕೂತರೆ ಮುಗುಚದೆ ಇರುತ್ತದಾ, ಕಲಿಸಿದವರಿಗೆ ತೆಪ್ಪದ ಗಂಧ ಇಲ್ಲ ಅಂತ ಉಪದೇಶ ಶುರುಮಾಡಿದ. ಇದು ತೆಪ್ಪ ಅಲ್ಲಪ್ಪ ಅಂದಳು ಮಗಳು. ನೀರೆಲ್ಲ ಒಂದೇ ಅಲ್ಲವಾ ಅಂದ ಅಪ್ಪ. ಅವಳು ಹಲ್ಲು ಕಚ್ಚಿಕೊಂಡು ತನ್ನ ಭಾರವನ್ನೆಲ್ಲ ಅಂಚಿನಿಂದ ಹೊರಕ್ಕೆ ಚಾಚಿ, ಬೆನ್ನು ಬಿಲ್ಲಾಗುವ ಹಾಗೆ ಹಿಂದಕ್ಕೆ ಬಾಗಿ ದೋಣಿಯನ್ನು ನೆಟ್ಟಗಿಟ್ಟುಕೊಂಡಳು. ಇಬ್ಬರು ಗಂಡಸರು ಮಾಡಬೇಕಾದ ಕೆಲಸವನ್ನು ಒಬ್ಬಳೇ ಸೊಂಟ ಮುರಿದುಕೊಂಡು ಮಾಡುತ್ತಿದ್ದಾಳೆ ಅನ್ನುವುದು ಇಬ್ಬರಿಗೂ ಕಾಣಲಿಲ್ಲ.

ಇನ್ನು ಮಾತುಕತೆ. ಎದುರುಬದುರು ಅಂಚಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಇಬ್ಬರೂ ಅವಳ ಮೂಲಕ ಮಾತಾಡಿದರು.

“ಕೂಸೇ, ಆ ಬ್ಯಾಗು ನೆನೀತದ ಅಂತ ನಿಮ್ಮಾವನ್ಗ ಯೋಳು,” ಅಂದ ಅಪ್ಪ.

“ಬ್ಯಾಗು ನನ್ ಕೈಲದ, ನೋಡ್ಕತೀನಿ ಅಂತ ನಿಮ್ಮಪ್ಪನ್ಗ ಯೋಳು,” ಅಂದ ಮಾವ.

ಅವಳು ಹೇಳಲಿಲ್ಲ. ಹೇಳದಿದ್ದರೆ ಮಾತು ತಲುಪಿಲ್ಲ ಅಂತ ಇಬ್ಬರೂ ಮತ್ತೆ ಮತ್ತೆ ಅದನ್ನೇ ಹೇಳಿದರು. ಕೊನೆಗೆ ಅವಳು, ಬ್ಯಾಗು ನೆನೀತದಂತೆ, ನೋಡ್ಕೊಳ್ತಾನಂತೆ ಅಂತ ಒಂದೇ ಉಸಿರಿಗೆ ಗಾಳಿಗೆ ಒದರಿ ಹಗ್ಗ ಎಳೆದಳು. ಇದೇ ರೀತಿ ಬಿಸಿಲಿನ ಮೇಲೆ ಒಂದು ಸುತ್ತು, ಕಬ್ಬಿನ ಮೇಲೆ ಒಂದು ಸುತ್ತು, ಬಂಡಳ್ಳಿಯ ಹೊಸ ಬೋರ್‌ವೆಲ್ ಮೇಲೆ ಒಂದು ಸುತ್ತು ಆಯಿತು. ನೀರಿನ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಹೋಗುತ್ತಿದ್ದವು, ಆಚೆ ದಡದಲ್ಲಿ ಆನೆಯೊಂದು ಮರಿ ಜೊತೆ ನೀರಿಗಿಳಿದಿತ್ತು. ಎಂಥ ದಿನ, ಎಂಥ ಗಾಳಿ, ತಲೆ ಎತ್ತಿ ನೋಡುವ ಪುಣ್ಯ ಯಾರಿಗೂ ಇರಲಿಲ್ಲ.

ಬಂಡೆಮೂಲೆ ಸುತ್ತುವಾಗ ದೋಣಿಯ ಮೂತಿ ತಿರುಗುತ್ತದೆ, ಹಾಯಿ ಈ ಕಡೆಯಿಂದ ಆ ಕಡೆಗೆ ಬೀಸಿಕೊಂಡು ಬರುತ್ತದೆ, ಹಾಯಿಯ ಬುಡಕ್ಕಿರುವ ಅಡ್ಡಗೋಲು ತಲೆ ಸವರಿಕೊಂಡು ಹೋಗುತ್ತದೆ. ತಲೆ ಬಗ್ಗಿಸಿ ಅಂತ ಆಶಾರಾಣಿ ಕೂಗಿದಳು. ಶಾಂತಮೂರ್ತಿ ಹೆದರಿಕೆಗೇ ಬ್ಯಾಗಿನ ಮೇಲೆ ಕವಿದುಕೊಂಡ. ಶಿವನಂಜಯ್ಯ ಕತ್ತು ನೆಟ್ಟಗೆ ಮಾಡಿಕೊಂಡು, ಅವನ ಮುಂದ ನಾನು ತಲೆ ಬಗ್ಗಿಸ್ನಾ ಅಂದ. ಅಡ್ಡಗೋಲು ಅವನ ಹಣೆಗೆ ಠಪ್ ಅಂತ ಬಡಿಯಿತು. ಸಣ್ಣ ಬುಗುಟು ಎದ್ದಿತು. ಭಾಮೈದನ ಮುಖದಲ್ಲಿ ನಗು ಮೂಡಿತು ಅಂತ ಅಪ್ಪನ ದೂರು, ನಗಲಿಲ್ಲ ಬಿಸಿಲಿಗೆ ಮುಖ ಹಾಗಾಗಿದೆ ಅಂತ ಮಾವನ ಸಮಜಾಯಿಷಿ, ಎರಡನ್ನೂ ಸಾಗಿಸಲು ನಡುವೆ ಇವಳು. ಈಗ ಗಾಳಿ ಇನ್ನೊಂದು ಕಡೆಯಿಂದ ಬರುತ್ತಿತ್ತು, ಕಡೆ ಬದಲಾಯಿಸಿ ಅಂದಳು. ಬದಲಾಯಿಸಿದರು. ಅಪ್ಪ ಆ ಕಡೆಗೆ ಹೋದ, ಮಾವ ಈ ಕಡೆಗೆ ಬಂದ. ಮತ್ತೆ ಎದುರುಬದುರು.

ಆ ಗಳಿಗೆಯಲ್ಲಿ ಅವಳಿಗೆ ಅಳುವೇ ಬಂದುಬಿಟ್ಟಿತು. ಎಂಟನೇ ಕ್ಲಾಸಿನವರಾಗಿದ್ದರೆ ಮೈದಾನಕ್ಕೆ ನಾಲ್ಕು ಸುತ್ತು ಓಡಿಸಬಹುದಿತ್ತು. ಇವರನ್ನು ಏನು ಮಾಡುವುದು? ಬುಧವಾರ ಗುರುಪ್ರಕಾಶನ ಮನೆಯವರು ಬಂದು ಕೂರುತ್ತಾರೆ, ತಟ್ಟೆ ನಡುವೆ ಇರುತ್ತದೆ, ಮುಟ್ಟಬೇಕಾದವನು ಬಂಡಳ್ಳಿಯಲ್ಲಿ ಅರಿಶಿನದ ಹೊಲಕ್ಕೆ ನೀರು ಕಟ್ಟುತ್ತಿರುತ್ತಾನೆ, ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬಾಗಿಲ ಕಡೆ ನೋಡುತ್ತಿರುತ್ತಾಳೆ.

ಬಂಡೆಯ ಮರೆಗೆ ಬಂದ ಮೇಲೆ ಗಾಳಿ ಬಿದ್ದುಹೋಯಿತು. ದಡಕ್ಕೆ ಹತ್ತಿರ, ಎದೆಮಟ್ಟದ ನೀರು, ನೆರಳು. ಆಶಾರಾಣಿ ಹಾಯಿಯ ಹಗ್ಗ ಸಡಿಲ ಬಿಟ್ಟು, ಇಲ್ಲೇ ಊಟ ಮಾಡೋಣ ಅಂದಳು. ಶಾಂತಮೂರ್ತಿ ಬ್ಯಾಗು ಬಿಚ್ಚಿದ. ಬಾಳೆಲೆ, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಡಬ್ಬಿಯಲ್ಲಿ ಒಗ್ಗರಣೆ ಹಾಕಿದ ಮೊಸರನ್ನ. ಘಮ ಎದ್ದಿತು. ನನಗೆ ಹಸಿವಿಲ್ಲ ಅಂತ ನಿಮ್ಮಾವನಿಗೆ ಹೇಳು ಅಂದ ಶಿವನಂಜಯ್ಯ, ಅವನ ಹೊಟ್ಟೆ ಗುರುಗುಟ್ಟಿದ್ದು ಮೂವರಿಗೂ ಕೇಳಿಸಿತು. ಹಾಗಾದರೆ ನನಗೂ ಬೇಡ ಅಂತ ನಿಮ್ಮಪ್ಪನಿಗೆ ಹೇಳು ಅಂದ ಶಾಂತಮೂರ್ತಿ. ಇವರ ಮನೆ ಹಾಳಾಗ, ನನಗಂತೂ ಹಸಿವಾಗಿದೆ ಅಂತ ಆಶಾರಾಣಿ ಒಂದು ರೊಟ್ಟಿ ಸುರುಳಿ ಸುತ್ತಿ, ಅರ್ಧವನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡಳು.

ಶಾಂತಮೂರ್ತಿ ಬಾಳೆಲೆಯನ್ನು ಬಿಚ್ಚಿದ, ಮಡಿಸಿದ, ಮತ್ತೆ ಬಿಚ್ಚಿದ. ಭಾವನ ಹಣೆಯ ಬುಗುಟಿನ ಕಡೆ ಒಂದು ಸಲ ನೋಡಿದ. ಆಮೇಲೆ ಕುಕ್ಕರಗಾಲಿನಲ್ಲೇ ಸರಿದು, ಬೆಳಗಿನಿಂದ ಬಾ ಅಂದರೂ ಬಾರದವನು ಭಾವ ಕೂತಿದ್ದ ಕಡೆಗೆ ಬಂದ. ಅವನ ಮುಂದೆ ಹಲಗೆಯ ಮೇಲೆ ಎಲೆ ಹಾಸಿದ. ಕೈಯಲ್ಲಿ ನೀರು ಮೊಗೆದು ಎಲೆಗೆ ಚಿಮುಕಿಸಿ ಒರೆಸಿದ. ಎರಡು ರೊಟ್ಟಿ ಇಟ್ಟ, ಪಕ್ಕಕ್ಕೆ ಚಟ್ನಿಪುಡಿ ಹಾಕಿದ, ಮೊಸರನ್ನ ಬಡಿಸಿದ. ಇಷ್ಟಾದ ಮೇಲೆ, ಆ ಮಾತನ್ನು ಕೂತುಕೊಂಡು ಹೇಳುವ ಪದ್ಧತಿ ಇಲ್ಲವಲ್ಲ, ಎದ್ದು ನೆಟ್ಟಗೆ ನಿಂತ. ಕೈಮುಗಿದ.

“ಭಾವ,” ಅಂದ, “ಊಟಕ್ಕೇಳಿ.”

ಬೆಳಗಿನಿಂದ ನೂರು ಸಲ ಕೂತುಕೊಳ್ಳಿ ಅಂತ ಅರಚಿದ್ದ ಆಶಾರಾಣಿಯ ಬಾಯಲ್ಲಿ ಆಗ ಅರ್ಧ ರೊಟ್ಟಿ ಇತ್ತು. ಅವಳು ಕೈ ಬೀಸಿದಳು, ಕಣ್ಣು ಬಿಟ್ಟಳು, ಗಂಟಲಲ್ಲಿ ಏನೋ ಸದ್ದು ಹೊರಡಿಸಿದಳು. ಯಾರು ನೋಡುತ್ತಾರೆ? ಎಲೆ ಎದುರಿಗೇ ಇತ್ತು, ಕೈ ಚಾಚಿದರೆ ತುತ್ತು, ಎದ್ದು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೆ ಎಬ್ಬಿಸಿದವನ ಮುಂದೆ ಏಳದೆ ಕೂತರೆ ಕರೆದವನಿಗೆ ಅವಮಾನ ಮಾಡಿದಂತೆ, ಶಿವನಂಜಯ್ಯನಿಗೆ ಅಷ್ಟೂ ಗೊತ್ತಿಲ್ಲವಾ? ಅವನ ಕಣ್ಣು ತುಂಬಿಕೊಂಡಿತ್ತು. ಹೆಗಲ ಮೇಲಿನ ಟವೆಲು ತೆಗೆದ, ಒಂದು ಸಲ ಕೊಡವಿದ, ಮತ್ತೆ ಹೆಗಲಿಗೆ ಹಾಕಿಕೊಂಡ, ಮರ್ಯಾದಸ್ಥನಾಗಿ ಎದ್ದು ನಿಂತ.

ಇಬ್ಬರೂ ಒಂದೇ ಕಡೆ ಬರಲಿ ಅಂತ ಅವಳು ಬೇಡಿಕೊಂಡಿದ್ದು ನಿಜ. ಬಂದಿದ್ದರು. ನಿಂತಿದ್ದರು ಬೇರೆ. ದೋಣಿ ಒಂದು ಸಲ ನರಳಿ, ಪೂರ್ತಿ ಮಗ್ಗುಲಾಗಿ ಬಿತ್ತು.

ಮೂವರೂ ಲೈಫ್ ಜಾಕೆಟ್ ಹಾಕಿಕೊಂಡಿದ್ದರು, ನೀರು ಎದೆಯವರೆಗೆ ಮಾತ್ರ ಇತ್ತು, ಪ್ರಾಣಕ್ಕೇನೂ ಆಗಲಿಲ್ಲ. ಶಾಂತಮೂರ್ತಿ ಮಾತ್ರ ಮೊಸಳೆ ಮೊಸಳೆ ಅಂತ ಭಾವನ ಕುತ್ತಿಗೆಗೆ ಜೋತುಬಿದ್ದ. ಅವನ ತೊಡೆಗೆ ಮುತ್ತಿಟ್ಟದ್ದು ಮೊಸರನ್ನದ ಡಬ್ಬಿ. ಶಿವನಂಜಯ್ಯ ಒಂದು ಕೈಯಲ್ಲಿ ಭಾಮೈದನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಡಬ್ಬಿಯನ್ನು ಆಚೆಗೆ ನೂಕಿದ. ರೊಟ್ಟಿಗಳು ತೇಲುತ್ತಿದ್ದವು, ಸಣ್ಣ ಮೀನುಗಳು ಆಗಲೇ ಬಂದು ಅಂಚು ಕಚ್ಚುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಶಿವನಸಮುದ್ರದಿಂದ ಹೊಗೇನಕಲ್‌ವರೆಗೆ ಯಾರಿಗೂ ಇಷ್ಟು ಅಕ್ಷರಶಃ ಆಗಿರಲಾರದು.

ಆಶಾರಾಣಿ ರೊಟ್ಟಿ ಉಗಿದಳು. ಕೂದಲು ಮುಖಕ್ಕೆ ಅಂಟಿತ್ತು. ನಾಲ್ಕು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಬಂತು.

“ಇಬ್ರೂ ಕೇಳಿಸ್ಕಳಿ,” ಅಂದಳು. “ನನ್ಗ ನಿಮ್ಮ ಎಲೆನೂ ಬ್ಯಾಡ, ತಟ್ಟೆನೂ ಬ್ಯಾಡ. ನಾಳೆನೇ ಓಗಿ ರಿಜಿಸ್ಟರ್ ಮಾಡ್ಕತೀನಿ. ನಮ್ಮವ್ವನ್ಗ ನೀವೇ ಓಗಿ ಯೋಳಿ, ಯಾಕ ಅಂತ. ನನ್ ಕೈಲಿ ನಿಮ್ ಮಾತು ಹೊತ್ತು ಸಾಕಾಯ್ತು.”

ಇಬ್ಬರೂ ಬೈಸಿಕೊಂಡ ಮಕ್ಕಳ ಹಾಗೆ ನೀರಿನಲ್ಲಿ ನಿಂತಿದ್ದರು. ಅವಳು ದೋಣಿಯ ತಳದಿಂದ ಹೊರಗೆ ಚಾಚಿದ್ದ ಹಲಗೆ ಹಿಡಿದು ಜೋತುಬಿದ್ದಳು. ಅದನ್ನು ಅದುಮಿದರೆ ಬಿದ್ದ ದೋಣಿ ನೆಟ್ಟಗಾಗುತ್ತದೆ. ಒಬ್ಬಳ ಭಾರ ಸಾಲಲಿಲ್ಲ. ಶಾಂತಮೂರ್ತಿ ಬಂದು ಪಕ್ಕದಲ್ಲಿ ಹಲಗೆ ಹಿಡಿದ. ಶಿವನಂಜಯ್ಯ ಅವನ ಪಕ್ಕಕ್ಕೆ ಬಂದು ಹಿಡಿದ. ಭುಜಕ್ಕೆ ಭುಜ ಒತ್ತಿಕೊಂಡು, ಮೂವರೂ ಸೇರಿ ಅದುಮಿದರು. ನೆನೆದ ಹಾಯಿ ನೀರು ಸುರಿಸುತ್ತ ನಿಧಾನಕ್ಕೆ ಮೇಲೆದ್ದಿತು.

ದೋಣಿಯ ಅಂಚು ಹಿಡಿದುಕೊಂಡು ಏದುಸಿರು ಬಿಡುತ್ತ ಶಿವನಂಜಯ್ಯ ಭಾಮೈದನ ಕಡೆ ತಿರುಗಿದ. ಈ ಸಲ ‘ನಿಮ್ಮಾವನ್ಗ ಯೋಳು’ ಅನ್ನಲಿಲ್ಲ.

“ಮೂರ್ತಿ, ಬುಧವಾರ ವೀಳ್ಯದೆಲೆ ಇಡ್ತಾರ. ನೀನ್ ಬಂದು ತಟ್ಟೆ ಮುಟ್ಟಿ ಕೂಸನ್ನ ಕೊಡ್ಬೇಕು ಕಣ್ಲಾ.”

“ಕರದ್ರಲ್ಲ ಭಾವ,” ಅಂದ ಶಾಂತಮೂರ್ತಿ. “ಮಂಗಳ್ವಾರವೇ ಬತ್ತೀನಿ.”

ಆಶಾರಾಣಿ ಮುಖ ತಿರುಗಿಸಿಕೊಂಡು ಹಗ್ಗದ ಗಂಟು ಬಿಚ್ಚಿದಳು. ಗಂಟೇನೂ ಬಿದ್ದಿರಲಿಲ್ಲ.

ವಾಪಸ್ಸು ಬರುವಾಗ ಇಬ್ಬರೂ ಹೇಳಿಸಿಕೊಳ್ಳದೆ ಗಾಳಿಯ ಕಡೆಗೆ ಒತ್ತೊತ್ತಾಗಿ ಕೂತರು. ಹಾಗಂತ ನೆಮ್ಮದಿ ಸಿಕ್ಕಿತಾ? ದೋಣಿ ಮುಗುಚಿದ್ದು ಯಾರಿಂದ ಅಂತ ಶುರುವಾಯಿತು. ಮೊದಲು ಎದ್ದು ನಿಂತವನು ನೀನು ಅಂತ ಭಾವ, ನಾನು ನಿಂತಾಗ ಏನೂ ಆಗಲಿಲ್ಲ ಟವೆಲು ಕೊಡವಿದವರು ನೀವು ಅಂತ ಭಾಮೈದ. ಬಂಡೆಮೂಲೆಯಿಂದ ಗೋವಿಂದಮ್ಮನ ದಡದವರೆಗೂ ಅದೇ ರಾಗ. ಆದರೆ ನೇರವಾಗಿ ಬೈದಾಡಿದರು, ನಡುವೆ ಅವಳ ಅಗತ್ಯ ಬೀಳಲಿಲ್ಲ. ಅವಳು ತಲೆ ಎತ್ತಿ ಬೆಳ್ಳಕ್ಕಿಗಳನ್ನು ನೋಡಿದಳು.

ಮಹಾಲಕ್ಷ್ಮಮ್ಮ ನೀರಿನ ಅಂಚಿಗೇ ಬಂದು ನಿಂತಿದ್ದಳು. ಮೂವರೂ ತೊಪ್ಪೆಯಾಗಿದ್ದನ್ನೂ, ಗಂಡನ ಹಣೆಯನ್ನೂ, ತಮ್ಮನ ಖಾಲಿ ಕೈಯನ್ನೂ ನೋಡಿದಳು. ಊಟ ಆಯಿತಾ ಅಂತ ಕೇಳಿದಳು.

“ಊಟ ನೀರ್ ಪಾಲಾಯ್ತು ಕಣೆ,” ಅಂದ ಶಿವನಂಜಯ್ಯ. ಆಮೇಲೆ ಅಷ್ಟು ದೊಡ್ಡ ಮನುಷ್ಯ, ಬಹುಮಾನ ತಂದ ಹುಡುಗನ ಹಾಗೆ ಹೇಳಿದ, “ಆದ್ರ ನಿನ್ ತಮ್ಮ ಎಬ್ಬಿಸ್ದ.”

ಅವಳು ತಲೆಯಾಡಿಸಿದಳು, ಅಷ್ಟೇ. ಗೋವಿಂದಮ್ಮ ಮೀನುಸಾರು ಇದೆ ಅಂದಳು, ಇವರು ತಿನ್ನುವವರಲ್ಲ, ಟೀ ಕುಡಿದರು. ಬಟ್ಟೆ ಅರ್ಧ ಒಣಗುವ ಹೊತ್ತಿಗೆ ನಾಲ್ಕರ ಬಸ್ಸು ಬಂತು. ದೋಣಿಯನ್ನು ಗೋವಿಂದಮ್ಮನ ವಶಕ್ಕೆ ಬಿಟ್ಟು ಹತ್ತಿದರು. ಗಂಡಸರಿಬ್ಬರೂ ಮುಂದಿನ ಸೀಟಿನಲ್ಲಿ ಕೂತು ಬುಧವಾರಕ್ಕೆ ಯಾವ ಊರಿನಿಂದ ವೀಳ್ಯದೆಲೆ ತರಿಸುವುದು ಅಂತ ಜಗಳವಾಡತೊಡಗಿದರು. ಕಂಡಕ್ಟರ್ ಬಂದಾಗ ಶಿವನಂಜಯ್ಯ ಕೊಳ್ಳೇಗಾಲ ಅಂದ, ಅಲ್ಲಿಂದ ಸತ್ತೇಗಾಲಕ್ಕೆ ಬೇರೆ ಬಸ್ಸು. ಹಿಂದಿನ ಸೀಟಿನಿಂದ ಮಹಾಲಕ್ಷ್ಮಮ್ಮ ಹೆಂಗಸರ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ಚಾಚಿದಳು.

“ನನ್ಗ ಹನೂರು ಕೊಡಪ್ಪ,” ಅಂದಳು. “ಅಲ್ಲಿಂದ ಬಂಡಳ್ಳಿಗೆ ಓಯ್ತೀನಿ.”

ಶಿವನಂಜಯ್ಯ ತಿರುಗಿ ನೋಡಿದ. ಬುಧವಾರದ ಕೆಲಸವೆಲ್ಲ ಬಿದ್ದಿದೆ, ಈಗ ಯಾಕೆ ಬಂಡಳ್ಳಿ ಅಂದ. ಶಾಂತಮೂರ್ತಿಯೂ ತಿರುಗಿದ, ಬಾ ಅಕ್ಕ, ಆದರೆ ಹೇಳದೆ ಕೇಳದೆ ಇವತ್ತೇ ಏನು ಅಂದ. ಮಹಾಲಕ್ಷ್ಮಮ್ಮ ಕಾರ್ಡನ್ನು ಬ್ಲೌಸಿನೊಳಗಿನ ಪರ್ಸಿಗೆ ಸೇರಿಸಿಕೊಂಡಳು. ಧ್ವನಿ ಏರಿಸಲಿಲ್ಲ.

“ಅವತ್ತು ಆ ಮನೇಲಿ ನಾನೂ ಉಂಡಿರ್ನಿಲ್ಲ,” ಅಂದಳು. “ಐದು ಪಂಕ್ತಿಗೂ ಬಡ್ಸಿ, ಇವ್ರ ಹಿಂದ ಬಂದ್ಬುಟ್ಟಿ. ನಾಲ್ಕು ವರ್ಷ ಆಯ್ತು, ನೀವಿಬ್ರೂ ಒಂದಿನ ಕೇಳ್ನಿಲ್ಲ. ಇವತ್ ಓಗಿ ಉಣ್ತೀನಿ.”

ಬಸ್ಸು ಕಾಡಿನ ತಿರುವಿಗೆ ಬಿತ್ತು. ಗಂಡಸರಿಬ್ಬರೂ ಮುಂದಕ್ಕೆ ತಿರುಗಲೂ ಆಗದೆ, ಅವಳನ್ನು ನೋಡಲೂ ಆಗದೆ, ಕತ್ತು ಅರ್ಧಕ್ಕೆ ತಿರುಗಿಸಿಕೊಂಡು ಕೂತರು. ಆಶಾರಾಣಿ ಅಮ್ಮನ ಕೈ ಹಿಡಿದುಕೊಂಡು, ಬಂಡಳ್ಳಿಗೆ ನಾನೂ ಬರುತ್ತೇನೆ ಅಂತ ಹೇಳಿ, ಕಂಡಕ್ಟರಿಗೆ ಇನ್ನೊಂದು ಹನೂರು ಅಂದಳು.